ಆಯುರ್ದಾನದ ಲೆಕ್ಕ: ದಾಸರ ಐತಿಹ್ಯದಲ್ಲಿ ಒಂದು ವಿಚಾರ

ರಾಯಚೂರು ಸೀಮೆಯು ಹರಿದಾಸಸಾಹಿತ್ಯದ ಎರಡನೆಯ ಘಟ್ಟಕ್ಕೆ ನೆಲೆಯಾದುದು ವಾಚಕರಿಗೆ ವಿದಿತವೇ ಆಗಿದೆ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಜನಿಸಿದ ಗೋಪಾಲದಾಸರು (೧೭೨೨–೧೭೬೨) ತಮ್ಮ ಆಯುಸ್ಸಿನಲ್ಲಿ ೪೦ ವರ್ಷಗಳನ್ನು ಮಾನ್ವಿಯ ಜಗನ್ನಾಥದಾಸರಿಗೆ (೧೭೨೮–೧೮೦೯) ಧಾರೆಯೆರೆದರೆಂಬ ಐತಿಹ್ಯವು ಇಲ್ಲಿ ಸುಪ್ರಸಿದ್ಧವಾಗಿದೆ. ಸಂಸ್ಕೃತಪಂಡಿತರಾದ ಶ್ರೀನಿವಾಸಾಚಾರ್ಯರು ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಅಲಕ್ಷಿಸಿ, ಉದರಶೂಲೆಗೆ ತುತ್ತಾಗಿ, ಕಡೆಗೆ ಅವರನ್ನೇ ಮರೆಹೊಕ್ಕರಂತೆ. ವಿಜಯದಾಸರು ಅವರನ್ನು ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ಜೋಳದ ರೊಟ್ಟಿಯನ್ನಿತ್ತು ರೋಗವನ್ನು ಕಳೆದು, ಆಯುಸ್ಸನ್ನೂ ದಾನಮಾಡಿದರು. ಆ ಆಚಾರ್ಯರೇ ಮುಂದೆ ಜಗನ್ನಾಥದಾಸರಾದರು.

ಕಥೆಯ ಈ ಕೊನೆಯನ್ನು ಕೇಳಿದವರಲ್ಲಿ ಸಂಶಯವೇಳುವುದು ಸಹಜ. ವಿಜಯದಾಸರು ೧೭೫೫ರಲ್ಲಿ ದಿವಂಗತರಾದುದರಿಂದ ಈ ಪ್ರಸಂಗವು ಅದಕ್ಕೆ ಹಿಂದಿನದಾಗಿರಬೇಕು. ಆಗ ಆಚಾರ್ಯರ ವಯಸ್ಸು ೨೭ನ್ನು ಮೀರಿರಲಾರದು. ಅಂದೇ ಅವರ ಆಯುಸ್ಸು ಮುಗಿಯುವುದಾಗಿತ್ತೆಂದರೆ, ೪೦ ವರ್ಷ ಕೂಡಿ ೬೭ಕ್ಕೆ, ಎಂದರೆ ಹೆಚ್ಚೆಂದರೆ ೧೭೯೫ಕ್ಕೆ, ದಾನವು ತೀರಬೇಕು. ಆದರೆ ಅವರು ಬಾಳಿದುದು ೧೮೦೯ರ ವರೆಗೆ. ಉಳಿದ ೧೪ ವರ್ಷಗಳು ಎಲ್ಲಿಂದ ಬಂದವು?

ಕಾಲಮೃತ್ಯುವಿಗೂ ಅಪಮೃತ್ಯುವಿಗೂ ನಮ್ಮ ಹಿಂದಿನವರು ಮಾಡಿದ ಭೇದವನ್ನು ನೆನೆದರೆ ಈ ತೊಡಕು ಬಿಡುವುದು. ರೋಗದಿಂದ ಒದಗಿದುದು ಅಪಮೃತ್ಯು. ಅದನ್ನು ರೊಟ್ಟಿಯು ನೀಗಿತು. ಸ್ವಂತದ ಶೇಷಾಯುಸ್ಸು ಹಾಗೆಯೇ ಉಳಿಯಿತು. ದಾನದ ವರ್ಷಗಳು ಅದರ ತುದಿಗೆ ಸೇರಿದವು. ಕಥೆಯಲ್ಲಿ ರೊಟ್ಟಿಯೂ ಆಯುಸ್ಸೂ ಎರಡಾಗಿ ಬರುವುದಕ್ಕೆ ಇದೇ ಕಾರಣವೆಂದು ನಮ್ಮ ಅಭಿಪ್ರಾಯ.

ಇನ್ನು ಕೊಟ್ಟವರ ಲೆಕ್ಕ. ಗೋಪಾಲದಾಸರು ಬಾಳಿದುದು ೪೦ ವರ್ಷ, ಕೊಟ್ಟುದೂ ೪೦. ಮಹಾಭಾರತದ ಆದಿಪರ್ವದಲ್ಲಿ ಹಾವು ಕಚ್ಚಿ ಸತ್ತ ಪ್ರಮದ್ವರೆಯನ್ನು ರುರುವು ತನ್ನ ಆಯುಸ್ಸಿನ ಅರ್ಧವನ್ನಿತ್ತು ಬದುಕಿಸಿಕೊಳ್ಳುತ್ತಾನೆ. ನಮ್ಮ ಐತಿಹ್ಯವೂ ಆ ಅರ್ಧದ ನಿಯಮವನ್ನೇ ಅನುಸರಿಸಿದಂತಿದೆ. ಆದುದರಿಂದ ಈ ಸಂಖ್ಯೆಯನ್ನು ಕಾಲನಿರ್ಣಯಕ್ಕೆ ಆಧಾರವಾಗಿ ಹಿಡಿಯುವುದು ಯುಕ್ತವಲ್ಲ.

ವಿಧಿಸಿದ ಆಯುಸ್ಸನ್ನು ಮನುಷ್ಯನು ಹೇಗೆ ಕೊಟ್ಟಾನೆಂಬ ಆಕ್ಷೇಪಕ್ಕೆ ಮಾಧ್ವಸಿದ್ಧಾಂತವೇ ಉತ್ತರವೀಯುತ್ತದೆ. ವಿಷ್ಣುವೊಬ್ಬನೇ ಸ್ವತಂತ್ರನು; ಮಿಕ್ಕುದೆಲ್ಲವೂ ಅಸ್ವತಂತ್ರ. ದಾಸರು ಬೇಡಿದವರು, ಕೊಟ್ಟವನು ಹರಿ. ಪ್ರಾರ್ಥನೆಯಿಲ್ಲದೆ ದಾನವನ್ನು ಮಾತ್ರ ಹೇಳಿದರೆ ಕಥೆಯು ಬರಿಯ ಮಂತ್ರವಾದವಾಗಿಬಿಡುವುದು. ಪಾಠ ಹೇಳುವವರು ಇದನ್ನು ಮರೆಯಬಾರದು.

ಈ ದಾನದ ಫಲವನ್ನಾದರೋ ವರ್ಷಗಳಲ್ಲಿ ಎಣಿಸಬೇಕಾಗಿಲ್ಲ. ಕನ್ನಡದ ಪದಗಳನ್ನು ಅಲಕ್ಷಿಸಿದ ಪಂಡಿತರೇ ಭಾಮಿನೀಷಟ್ಪದಿಯಲ್ಲಿ ಹರಿಕಥಾಮೃತಸಾರವನ್ನು ರಚಿಸಿದರು. ಐತಿಹ್ಯವು ಅಳೆಯಹೊರಟಿರುವುದು ಈ ಪರಿವರ್ತನೆಯನ್ನು. ಮಿಕ್ಕ ಲೆಕ್ಕವೆಲ್ಲ ಅದಕ್ಕೆ ಅಂಗ.