ಸ್ನೈಡರ್-ಎನ್‌ಫೀಲ್ಡ್ ರೈಫಲ್

ಸ್ನೈಡರ್-ಎನ್‌ಫೀಲ್ಡ್ ೧೮೬೬ರಲ್ಲಿ ಬ್ರಿಟಿಷ್ ಸೇನೆ ಅಂಗೀಕರಿಸಿದ, ಹಿಂಬದಿಯಿಂದ ತೋಟಾ ತುಂಬುವ ರೈಫಲ್. ನಳಿಗೆಯ ಬಾಯಿಯಿಂದ ಮದ್ದುಗುಂಡು ತುಂಬುತ್ತಿದ್ದ ೧೮೫೩ರ ಮಾದರಿಯ ಎನ್‌ಫೀಲ್ಡ್ ಕೋವಿಗಳನ್ನು ಮಾರ್ಪಡಿಸಿ ಇದನ್ನು ರೂಪಿಸಲಾಯಿತು. ಮಾರ್ಪಾಡಿನ ವಿಧಾನವನ್ನು ಕಂಡುಹಿಡಿದವನು ಅಮೆರಿಕದ ಜೇಕಬ್ ಸ್ನೈಡರ್.

ಹಿನ್ನೆಲೆ

ಮೂಲ ಎನ್‌ಫೀಲ್ಡ್ ಕೋವಿ ಭಾರತದ ಇತಿಹಾಸದಲ್ಲಿ ಪರಿಚಿತವಾದುದು. ಅದರ ಕಾಗದದ ತೋಟಾಗಳಿಗೆ ಹಸು ಮತ್ತು ಹಂದಿಯ ಕೊಬ್ಬು ಸವರಲಾಗಿದೆ ಎಂಬ ಸುದ್ದಿ ೧೮೫೭ರ ದಂಗೆಯ ಕಾರಣಗಳಲ್ಲೊಂದು. ೧೮೬೪ರ ಡೆನ್ಮಾರ್ಕ್ ಯುದ್ಧದಲ್ಲಿ ಹಿಂಬದಿಯಿಂದ ತುಂಬುವ ಪ್ರಷ್ಯದ ಕೋವಿಗಳ ವೇಗವು ಸಾಬೀತಾದ ಬಳಿಕ, ಬ್ರಿಟನ್ ತನ್ನಲ್ಲಿದ್ದ ಕೋವಿಗಳನ್ನು ಎಸೆಯದೆ ಮಾರ್ಪಡಿಸಲು ನಿರ್ಧರಿಸಿತು.

ಮಾರ್ಪಾಡಿನ ವಿಧಾನ

ನಳಿಗೆಯ ಹಿಂತುದಿಯನ್ನು ಕತ್ತರಿಸಿ, ಆ ಜಾಗದಲ್ಲಿ ಹೊಸ ಲೋಹದ ಕವಚವನ್ನು ತಿರುಪಿನಿಂದ ಜೋಡಿಸಲಾಗುತ್ತಿತ್ತು. ಹೀಗಾಗಿ ೩೯ ಅಂಗುಲದ ನಳಿಗೆ ೩೬.೫ ಅಂಗುಲಕ್ಕೆ ಇಳಿಯಿತು. ಕವಚದಲ್ಲಿರುವ ಮುಚ್ಚಳ ಬಲಕ್ಕೆ ತೆರೆದುಕೊಳ್ಳುತ್ತದೆ. ಹಳೆಯ ಕುದುರೆ ಹಾಗೆಯೇ ಉಳಿದು, ಮುಚ್ಚಳದೊಳಗೆ ಓರೆಯಾಗಿ ಸಾಗುವ ಕಡ್ಡಿಯ ಮೂಲಕ ತೋಟಾವನ್ನು ಸಿಡಿಸುತ್ತದೆ. ಸುಟ್ಟ ತೋಟಾದ ಕೋಶವನ್ನು ಮುಚ್ಚಳವನ್ನು ಹಿಂದಕ್ಕೆಳೆದು ಸಡಿಲಿಸಿ, ಕೋವಿಯನ್ನು ಮಗುಚಿ ಬೀಳಿಸಬೇಕು. ಕರ್ನಲ್ ಎಡ್ವರ್ಡ್ ಬಾಕ್ಸರ್ ರೂಪಿಸಿದ ೦.೫೭೭ ಅಂಗುಲದ ತೋಟಾವನ್ನು ಇದರಲ್ಲಿ ಬಳಸಲಾಗುತ್ತಿತ್ತು. ನಿಮಿಷಕ್ಕೆ ಸುಮಾರು ಮೂರು ಗುಂಡು ಹಾರಿಸುತ್ತಿದ್ದ ಸೈನಿಕ ಇದರಿಂದ ಸುಮಾರು ಹತ್ತು ಗುಂಡು ಹಾರಿಸಬಲ್ಲವನಾದ. ೧೮೬೮ರ ಅಬಿಸೀನಿಯ ದಂಡಯಾತ್ರೆಯಲ್ಲಿ ಇದರ ಬಳಕೆಯಾಯಿತು.

ಗುರುತಿಸುವ ಬಗೆ

* ಲಾಕ್ ತಟ್ಟೆಯ ಮೇಲಿನ ವರ್ಷವು ಆ ಭಾಗವನ್ನು ತಯಾರಿಸಿದ ಕಾಲವನ್ನು ಸೂಚಿಸುತ್ತದೆಯೇ ಹೊರತು ಮಾರ್ಪಾಡಿನ ಕಾಲವನ್ನಲ್ಲ. ಆದ್ದರಿಂದ ೧೮೬೬ಕ್ಕಿಂತ ಹಿಂದಿನ ವರ್ಷವಿದ್ದ ಮಾತ್ರಕ್ಕೆ ಕೋವಿ ನಕಲಿ ಎನ್ನಲಾಗದು. ಅದು ಮಾರ್ಪಾಡಿನ ಸಹಜ ಲಕ್ಷಣ.
* ಮಾರ್ಪಡಿಸಿದ ಮೊದಲ ಮಾದರಿಗಳ ಮುಚ್ಚಳಕ್ಕೆ ಚಿಲಕವಿಲ್ಲ. ಬಹುಮಟ್ಟಿಗೆ ಹೊಸದಾಗಿಯೇ ತಯಾರಾದ ಮೂರನೆಯ ಮಾದರಿಯಲ್ಲಿ ಹೆಬ್ಬೆರಳಿನಿಂದ ಒತ್ತುವ ಚಿಲಕವೂ ಉಕ್ಕಿನ ನಳಿಗೆಯೂ ಇವೆ.
* ದೇವನಾಗರಿ ಗುರುತುಗಳಿರುವ ಸ್ನೈಡರ್‌ಗಳು ಸಾಮಾನ್ಯವಾಗಿ ನೇಪಾಳಕ್ಕೆ ಸಂಬಂಧಿಸಿದವು.
* ಬಿಡಿಭಾಗಗಳು ಅದಲುಬದಲಾಗಿರುವ ಸಾಧ್ಯತೆಯಿರುವುದರಿಂದ ಒಂದೇ ಗುರುತನ್ನು ನಂಬಿ ನಿರ್ಣಯಿಸುವುದು ಸರಿಯಲ್ಲ.

ಇತರ ದೇಶಗಳ ಮಾರ್ಪಾಡುಗಳು

ಮುಚ್ಚಳ ತೆರೆಯುವ ದಿಕ್ಕು ಕೋವಿಯ ಮೂಲವನ್ನು ತಿಳಿಯಲು ನೆರವಾಗುತ್ತದೆ. ಅಮೆರಿಕದ ಆಲಿನ್ ಮತ್ತು ಆಸ್ಟ್ರಿಯದ ವೆಂಜ಼್ಲ್ ಮಾರ್ಪಾಡುಗಳಲ್ಲಿ ಅದು ಮೇಲಕ್ಕೆತ್ತಿ ಮುಂದಕ್ಕೆ ಮಡಚಿಕೊಳ್ಳುತ್ತದೆ. ರಷ್ಯದ ಕ್ರಂಕಾದಲ್ಲಿ ಎಡಕ್ಕೆ ತೆರೆಯುತ್ತದೆ. ಫ್ರಾನ್ಸಿನ ತಬಾತಿಯೇರ್ ಸ್ನೈಡರ್‌ನಂತೆಯೇ ಬಲಕ್ಕೆ ತೆರೆಯುತ್ತದೆ. ಆ ಹೆಸರಿಗೆ ನಶ್ಯದ ಡಬ್ಬಿ ಎಂದರ್ಥ. ಬ್ರಿಟನ್ನಿನಲ್ಲಿ ೧೮೭೧ರಿಂದ ಮಾರ್ಟಿನಿ-ಹೆನ್ರಿ ರೈಫಲ್ ಸ್ನೈಡರ್‌ನ ಸ್ಥಾನವನ್ನು ಪಡೆಯಿತು.