ನೆಂಟಸ್ತಿಕೆ ಬೇರೆ, ರಕ್ತದ ಹೊಂದಾಣಿಕೆ ಬೇರೆ

ಹೊಳಲು, ಮದ್ದೂರು, ಮಳವಳ್ಳಿ ಕಡೆಯಿಂದ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಬಂದ ರೋಗಿಗೆ ರಕ್ತ ಬೇಕೆಂದು ವೈದ್ಯರು ಹೇಳಿದರೆ ಮೊದಲು ಮುಂದೆ ಬರುವವರು ಅಣ್ಣತಮ್ಮಂದಿರು, ಮಕ್ಕಳು, ಸೋದರಮಾವಂದಿರು. ಅವರ ಅಕ್ಕರೆ ದೊಡ್ಡದು. ಅದರ ಬೆನ್ನಿಗೇ ಒಂದು ನಂಬಿಕೆಯೂ ಇರುತ್ತದೆ: ನಮ್ಮ ಮನೆತನದ ರಕ್ತ ನಮ್ಮವರಿಗೇ ಚೆನ್ನಾಗಿ ಒಗ್ಗುತ್ತದೆ, ಹೊರಗಿನವರದಕ್ಕಿಂತ ಅದೇ ಮೇಲು. ಈ ನಂಬಿಕೆ ತಪ್ಪು. ಕೆಲವೊಮ್ಮೆ ಅಪಾಯಕಾರಿ ಕೂಡ. ತಂದೆಯದು ಎ, ತಾಯಿಯದು ಬಿ ಗುಂಪಾಗಿದ್ದು, ಇಬ್ಬರಲ್ಲೂ ಒ ಜೀನ್ ಒಂದೊಂದು ಅಡಗಿದ್ದರೆ ಮಗು ಒ ಗುಂಪಿನದಾಗಬಹುದು. ಆಗ ಹೆತ್ತವರಿಬ್ಬರ ರಕ್ತವೂ ಆ ಮಗುವಿಗೆ ಸಲ್ಲದು. ಪಕ್ಕದ ಊರಿನ ಅಪರಿಚಿತನೊಬ್ಬ ಒ ಗುಂಪಿನವನಾಗಿದ್ದರೆ ಅವನ ರಕ್ತ ಸಲ್ಲಬಹುದು.

ಕಾರಣವನ್ನು 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತೋರಿಸಿಕೊಟ್ಟರು. ಕೆಂಪು ರಕ್ತಕಣದ ಮೈಮೇಲೆ ಎ, ಬಿ ಎಂಬ ಪ್ರತಿಜನಕಗಳಿರುತ್ತವೆ. ನಮ್ಮಲ್ಲಿ ಯಾವುದು ಇಲ್ಲವೋ ಅದರ ವಿರುದ್ಧದ ಪ್ರತಿಕಾಯ ನಮ್ಮ ರಕ್ತರಸದಲ್ಲಿ ಶೈಶವದಿಂದಲೇ ಬೆಳೆದಿರುತ್ತದೆ. ಒಗ್ಗದ ರಕ್ತ ಒಳಹೊಕ್ಕರೆ ಈ ಪ್ರತಿಕಾಯಗಳು ಹೊಸ ಕಣಗಳಿಗೆ ಅಂಟಿಕೊಂಡು ರಕ್ತನಾಳದೊಳಗೇ ಅವನ್ನು ಒಡೆಯುತ್ತವೆ; ಮೂತ್ರಪಿಂಡ ಕೈಕೊಡುತ್ತದೆ, ಪ್ರಾಣವೂ ಹೋಗಬಹುದು. 1940ರಲ್ಲಿ ಆರ್‌ಎಚ್ ಅಂಶ ಗೊತ್ತಾಯಿತು. ಇಂದು 40ಕ್ಕೂ ಹೆಚ್ಚು ರಕ್ತಗುಂಪು ವ್ಯವಸ್ಥೆಗಳೂ 300ಕ್ಕೂ ಹೆಚ್ಚು ಪ್ರತಿಜನಕಗಳೂ ಪಟ್ಟಿಯಲ್ಲಿವೆ. ನಮ್ಮ ಗುರುತಿನ ಚೀಟಿಯಲ್ಲಿ ಬರೆಯುವ 'ಒ ಪಾಸಿಟಿವ್' ಇವುಗಳಲ್ಲಿ ಎರಡು ವ್ಯವಸ್ಥೆಗಳ ಸುದ್ದಿ ಮಾತ್ರ. ಆದ್ದರಿಂದಲೇ ಗುಂಪು ಒಂದೇ ಆದರೂ ರೋಗಿಯ ರಕ್ತರಸವನ್ನೂ ದಾನಿಯ ಕಣಗಳನ್ನೂ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆ ಬೇಕು. ಅದಕ್ಕೆ ಹಿಡಿಯುವ ಮುಕ್ಕಾಲು ಗಂಟೆ, ಒಂದು ಗಂಟೆಯನ್ನು ಸಿಬ್ಬಂದಿಯ ಉದಾಸೀನವೆಂದು ಬಗೆದು ರಕ್ತನಿಧಿಯ ಬಾಗಿಲಲ್ಲಿ ಜಗಳಕ್ಕೆ ನಿಲ್ಲುವುದು ನ್ಯಾಯವಲ್ಲ.

ಈ ಪರೀಕ್ಷೆಯ ಬೆಲೆ ಎಷ್ಟೆಂಬುದನ್ನು ಕೋಲಾರದ ಪ್ರಕರಣವೊಂದು ಸಾರುತ್ತದೆ. ಹೃದಯದ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದ 38 ವರ್ಷದ ಮಹಿಳೆಯದು ಒ ಪಾಸಿಟಿವ್ ರಕ್ತ. ನಮ್ಮಲ್ಲಿ ಸುಲಭವಾಗಿ ಸಿಗುವ ಗುಂಪು. ಆದರೆ ಲಭ್ಯವಿದ್ದ ಒಂದು ಯೂನಿಟ್ಟೂ ಅವರಿಗೆ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರದವರು ಪರೀಕ್ಷಿಸಿದಾಗ ಅವರ ರಕ್ತರಸ ಎಲ್ಲ ಕಣಗಳ ಮೇಲೂ ಎರಗುತ್ತಿತ್ತು. ಕುಟುಂಬದ 20 ಮಂದಿಯ ರಕ್ತವನ್ನು ನೋಡಲಾಯಿತು, ಒಬ್ಬರದೂ ಹೊಂದಲಿಲ್ಲ. ವೈದ್ಯರು ರಕ್ತ ಕೊಡದೆಯೇ ಶಸ್ತ್ರಚಿಕಿತ್ಸೆ ಮುಗಿಸಿದರು. ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಯಿತು. ಸುಮಾರು 10 ತಿಂಗಳ ಸಂಶೋಧನೆಯ ನಂತರ ಕ್ರೋಮರ್ ವ್ಯವಸ್ಥೆಗೆ ಸೇರಿದ ಹೊಸ ಪ್ರತಿಜನಕವೊಂದು ಗೊತ್ತಾಯಿತು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ರಕ್ತಪೂರಣ ತಜ್ಞರ ಸಮ್ಮೇಳನದಲ್ಲಿ ಅದನ್ನು 'ಕ್ರಿಬ್' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಆ ಹೆಸರಿನ ಕೊನೆಯ 'ಬ್' ಬೆಂಗಳೂರಿನದು.

ಕೋಟಿಗೊಬ್ಬರ ಕಥೆ ಹಿಡಿದು ವಾದ ಮಾಡುವುದೇಕೆ ಎನ್ನಬಹುದು. ಹಾಗಾದರೆ 1952ರಲ್ಲಿ ಮುಂಬೈಯಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಗುರುತಿಸಿದ 'ಬಾಂಬೆ' ಗುಂಪನ್ನು ನೋಡೋಣ. ಇದು ಭಾರತದಲ್ಲಿ ಸುಮಾರು 10,000ಕ್ಕೆ ಒಬ್ಬರಲ್ಲಿದೆ. ಎ, ಬಿ ಎರಡಕ್ಕೂ ತಳಹದಿಯಾದ ಎಚ್ ಪ್ರತಿಜನಕವೇ ಇವರಲ್ಲಿಲ್ಲ. ಕಣಗಳನ್ನಷ್ಟೇ ಪರೀಕ್ಷಿಸಿದರೆ 'ಒ' ಎಂದೇ ಕಾಣುತ್ತದೆ. ಒ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಇಲ್ಲಿ ಒಂದು ಮಾತನ್ನು ಒಪ್ಪಲೇಬೇಕು: ಇಂಥ ಅಪರೂಪದ ಗುಂಪಿನವರಿಗೆ ಒಡಹುಟ್ಟಿದವರನ್ನು ಹುಡುಕುವುದು ಸರಿಯಾದ ದಾರಿ, ಏಕೆಂದರೆ ಅವರಲ್ಲಿ ಅದೇ ಗುಂಪಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದರೆ ಅಲ್ಲಿಯೂ ತೀರ್ಪು ಪರೀಕ್ಷೆಯದು, ಸಂಬಂಧದ್ದಲ್ಲ.

ಆತ್ಮೀಯರ ರಕ್ತದಲ್ಲಿ ಇನ್ನೊಂದು ತೊಡಕಿದೆ. ದಾನಿಯ ಕೆಲವು ಬಿಳಿಕಣಗಳು ರಕ್ತದ ಜೊತೆ ಹೋಗುತ್ತವೆ. ಹೊರಗಿನವರದಾದರೆ ರೋಗಿಯ ದೇಹ ಅವನ್ನು ಪರಕೀಯವೆಂದು ಗುರುತಿಸಿ ಕೊಲ್ಲುತ್ತದೆ. ಹತ್ತಿರದ ನೆಂಟರದಾದರೆ ಗುರುತು ತಪ್ಪಬಹುದು. ಉಳಿದ ಕಣಗಳು ಬೆಳೆದು ರೋಗಿಯ ಚರ್ಮ, ಯಕೃತ್ತು, ಅಸ್ಥಿಮಜ್ಜೆಯ ಮೇಲೆಯೇ ತಿರುಗಿಬೀಳುತ್ತವೆ. ಇದು ಬಲು ಅಪರೂಪ, ಬಂದರೆ ಬದುಕುವವರು ಕಡಿಮೆ. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯಿರುವ ಹಳೆ ಮೈಸೂರಿನ ಕುಟುಂಬಗಳಲ್ಲಿ ಜೀನ್‌ಗಳ ಹೋಲಿಕೆ ಹೆಚ್ಚು, ಆದ್ದರಿಂದ ಈ ಎಚ್ಚರಿಕೆ ನಮಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ನೆಂಟರ ರಕ್ತ ಅನಿವಾರ್ಯವಾದರೆ ವಿಕಿರಣ ಹಾಯಿಸಿ ಕೊಡಬೇಕು.

ತುರ್ತಿನಲ್ಲಿ ಒ ನೆಗೆಟಿವ್ ಇದೆಯಲ್ಲ ಎಂಬ ಮಾತೂ ಕೇಳಿಬರುತ್ತದೆ. ಅದು ಕ್ರಾಸ್‌ಮ್ಯಾಚ್‌ಗೆ ಕಾಯಲಾಗದ ಗಳಿಗೆಯ ಆಸರೆ ಮಾತ್ರ. ಭಾರತದಲ್ಲಿ ಆರ್‌ಎಚ್ ನೆಗೆಟಿವ್ ಇರುವವರೇ ನೂರಕ್ಕೆ ಸುಮಾರು 5 ಮಂದಿ; ಅವರಲ್ಲಿ ಒ ಇನ್ನೂ ಕಡಿಮೆ. ಅಲ್ಲದೆ ಯಾರೇ ಕೊಟ್ಟ ರಕ್ತವಾದರೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳನ್ನು ದಾಟಬೇಕು. ಓಡಿ ಬಂದ ತಮ್ಮನ ರಕ್ತ ಆ ಗಳಿಗೆಗೆ ಒದಗುವುದಿಲ್ಲ. ಒದಗುವುದು ಕಳೆದ ವಾರವೋ ಅದಕ್ಕೂ ಮುಂಚೆಯೋ ಯಾರೋ ಕೊಟ್ಟು, ಪರೀಕ್ಷೆಯಾಗಿ, 2ರಿಂದ 6 ಡಿಗ್ರಿಯಲ್ಲಿ ಕಾದಿರಿಸಿದ್ದು. ಆ ಕೆಂಪುಕಣಗಳ ಆಯಸ್ಸು 35ರಿಂದ 42 ದಿನ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಎಂದರೆ ಊರಿನ ಆರೋಗ್ಯವಂತರೆಲ್ಲ ಗಣೇಶ ಚತುರ್ಥಿಯ ಶಿಬಿರದಲ್ಲಿ ಒಂದೇ ದಿನ ಕೊಟ್ಟರೆ ದೀಪಾವಳಿ ಕಳೆಯುವಷ್ಟರಲ್ಲಿ ಆ ದಾಸ್ತಾನು ಮುಗಿದಿರುತ್ತದೆ. ಸರದಿಯಂತೆ ವರ್ಷವಿಡೀ ಹಂಚಿಕೊಂಡು ಕೊಟ್ಟರೆ ಯಾವ ತಿಂಗಳೂ ಕಪಾಟು ಬರಿದಾಗುವುದಿಲ್ಲ.