ಶ್ವಾಸಕೋಶದ ಲೆಕ್ಕ ಬರೆದ ಎವಾಲ್ಡ್ ವೈಬೆಲ್

ಮನುಷ್ಯನ ಶ್ವಾಸಕೋಶದಲ್ಲಿ ಗಾಳಿಗೂಡುಗಳೆಷ್ಟು? 1950ರ ದಶಕದ ಕೊನೆಯಲ್ಲೂ ಈ ಪ್ರಶ್ನೆಗೆ ನೆಚ್ಚಿಕೊಳ್ಳುವಂಥ ಉತ್ತರವಿರಲಿಲ್ಲ. ಅದನ್ನು ಲೆಕ್ಕ ಹಾಕಲು ಹೊರಟವರು ಸ್ವಿಟ್ಜರ್ಲೆಂಡಿನ ಅಂಗರಚನಾ ಶಾಸ್ತ್ರಜ್ಞ ಎವಾಲ್ಡ್ ವೈಬೆಲ್.

1929ರಲ್ಲಿ ಜನಿಸಿದ ವೈಬೆಲ್, ಜ್ಯೂರಿಕ್‌ನಲ್ಲಿ ವೈದ್ಯಕೀಯ ಓದಿ ಹೆಚ್ಚಿನ ಸಂಶೋಧನೆಗಾಗಿ ಅಮೆರಿಕಕ್ಕೆ ತೆರಳಿದರು. ನ್ಯೂಯಾರ್ಕ್‌ನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ 1956ರ ನೊಬೆಲ್ ಪುರಸ್ಕೃತರಾದ ಕೂರ್ನಾಂ ಹಾಗೂ ರಿಚರ್ಡ್ಸ್ ಅವರ ಪ್ರಯೋಗಾಲಯ ಸೇರಿದಾಗ ಅವರಿಗೆ ಸುಮಾರು 30ರ ಪ್ರಾಯ. ಅಲ್ಲಿ ಕ್ಯೂಬಾ ಮೂಲದ ಡೊಮಿಂಗೊ ಗೊಮೆಜ್ ಅವರ ಜತೆಗೂಡಿ ಎಣಿಕೆಗೆ ಇಳಿದರು.

ಕೋಟಿಗಟ್ಟಲೆ ಗೂಡುಗಳನ್ನು ಒಂದೊಂದಾಗಿ ಎಣಿಸುವುದು ಆಗದ ಮಾತು. ಅಗುಳು ಹಿಸುಕಿ ಅನ್ನ ಬೆಂದಿದೆಯೇ ಎಂದು ನೋಡುವಂತೆ, ಶ್ವಾಸಕೋಶವನ್ನು ತೆಳು ಪದರಗಳಾಗಿ ಕತ್ತರಿಸಿ, ಅದರ ಚಿತ್ರದ ಮೇಲೆ ಗೆರೆ, ಚುಕ್ಕೆಗಳ ಜಾಲರಿ ಇಟ್ಟರು. ಎಷ್ಟು ಚುಕ್ಕೆ ಗೂಡಿನೊಳಗೆ ಬಿತ್ತು, ಗೆರೆ ಎಷ್ಟು ಸಲ ಗೋಡೆ ದಾಟಿತು ಎಂಬುದರಿಂದ ಇಡೀ ಅಂಗದ ಲೆಕ್ಕ ತೆಗೆದರು. ಸಿಕ್ಕ ಉತ್ತರ ಸುಮಾರು 30 ಕೋಟಿ! ಶ್ವಾಸನಾಳ 23 ಹಂತಗಳಲ್ಲಿ ಎರಡೆರಡಾಗಿ ಕವಲೊಡೆಯುತ್ತದೆ, ಮೊದಲ 16 ಹಂತಗಳು ಗಾಳಿ ಸಾಗುವ ದಾರಿ ಮಾತ್ರ ಎಂಬ ಅವರ ಮಾದರಿ 1963ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು.

ಗೂಡುಗಳ ಗೋಡೆಯನ್ನೆಲ್ಲ ಹರವಿದರೆ ಸುಮಾರು 130 ಚದರ ಮೀಟರ್ ಎಂದು ಮುಂದೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಅವರು ಕಂಡುಕೊಂಡರು. ಮುಂಬಯಿಗರ ಲೆಕ್ಕದಲ್ಲಿ ಹೇಳುವುದಾದರೆ 1,400 ಚದರ ಅಡಿ. ನಮ್ಮಲ್ಲಿ ಹೆಚ್ಚಿನವರ ಫ್ಲಾಟಿಗಿಂತ ದೊಡ್ಡದೇ ಸರಿ! ಟೆನಿಸ್ ಅಂಗಣದಷ್ಟು ಎಂಬ ಜನಪ್ರಿಯ ಮಾತು ಮಾತ್ರ ಉತ್ಪ್ರೇಕ್ಷೆ; ಇದು ಅದರ ಅರ್ಧದಷ್ಟೇ.

ರಾಕ್‌ಫೆಲರ್ ಸಂಸ್ಥೆಯಲ್ಲಿ ಜಾರ್ಜ್ ಪೆಲಾಡ್ ಅವರ ಬಳಿ ದುಡಿಯುತ್ತಿದ್ದಾಗ, ರಕ್ತನಾಳದ ಒಳಪದರದ ಕೋಶಗಳಲ್ಲಿ ಯಾರೂ ಗಮನಿಸಿರದ ಸಣ್ಣ ಕಡ್ಡಿಯಂಥ ಕಣಗಳು ವೈಬೆಲ್ ಅವರ ಕಣ್ಣಿಗೆ ಬಿದ್ದವು. 1964ರಲ್ಲಿ ಪ್ರಕಟಿಸಿದಾಗ ಅವುಗಳ ಕೆಲಸವೇನೆಂದು ಸ್ವತಃ ಅವರಿಗೇ ತಿಳಿದಿರಲಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನಿನ ದಾಸ್ತಾನು ಅಲ್ಲಿದೆ ಎಂದು ಬೇರೊಂದು ತಂಡ ತೋರಿಸಿದ್ದು 1982ರಲ್ಲಿ. ವೈಬೆಲ್-ಪೆಲಾಡ್ ಕಣಗಳೆಂಬ ಹೆಸರು ಉಳಿದುಕೊಂಡಿದೆ.

1966ರಿಂದ 1994ರ ತನಕ ಬರ್ನ್ ವಿಶ್ವವಿದ್ಯಾಲಯದ ಅಂಗರಚನಾ ಸಂಸ್ಥೆಯನ್ನು ಮುನ್ನಡೆಸಿದ ವೈಬೆಲ್, 2019ರ ಫೆಬ್ರವರಿಯಲ್ಲಿ ತಮ್ಮ 89ನೇ ವಯಸ್ಸಿನಲ್ಲಿ ನಿಧನರಾದರು. ಅವರ 30 ಕೋಟಿಯ ಎಣಿಕೆಯನ್ನು 2004ರಲ್ಲಿ, ಅವರ ಜೀವಿತಕಾಲದಲ್ಲೇ, ಇತರ ಸಂಶೋಧಕರು ಹೊಸ ವಿಧಾನದಿಂದ ಸರಾಸರಿ 48 ಕೋಟಿಗೆ ಏರಿಸಿದರು. 23 ಹಂತಗಳ ಮಾದರಿ ಇನ್ನೂ ಬಳಕೆಯಲ್ಲಿದೆ. ಉಸಿರಿನೊಡನೆ ಒಳಹೋಗುವ ದೂಳು ಎಲ್ಲಿ ಕೂರುತ್ತದೆ, ಇನ್‌ಹೇಲರಿನ ಔಷಧ ಎಲ್ಲಿಯವರೆಗೆ ತಲುಪುತ್ತದೆ ಎಂದು ಅಂದಾಜಿಸುವವರು ಇಂದಿಗೂ ಅದನ್ನೇ ಎದುರಿಗಿಟ್ಟುಕೊಳ್ಳುತ್ತಾರೆ.